ಕ್ರೀ ಲಿಪಿಯ ‘ಪಿ’ಗೆ ಒಂದು ಸಂಖ್ಯೆ, ನಮ್ಮ ‘ಪಿ’ಗೆ ಎರಡು: ಏಕೆ?

ಪ್ರಶ್ನೆ (ತೀರ್ಥಹಳ್ಳಿ, ಡಿಟಿಪಿ ಕೆಲಸ)

ಇಪ್ಪತ್ತು ವರ್ಷಗಳಿಂದ ಡಿಟಿಪಿ ಮಾಡುತ್ತಿದ್ದೇನೆ. ಮದುವೆ ಕರೆಯೋಲೆ, ಯಕ್ಷಗಾನದ ಕರಪತ್ರ, ಸೊಸೈಟಿಯ ವಾರ್ಷಿಕ ವರದಿ, ಇವೇ ಹೆಚ್ಚು. ಕಳೆದ ವಾರ ನಿವೃತ್ತ ಮೇಷ್ಟ್ರೊಬ್ಬರು ಲಿಪಿಗಳ ಕುರಿತ ಹಸ್ತಪ್ರತಿ ತಂದುಕೊಟ್ಟರು. ಕೆನಡಾದ ಮೂಲನಿವಾಸಿಗಳಾದ ಕ್ರೀ ಜನರ ಲಿಪಿಗೆ ಅದರಲ್ಲಿ ಒಂದು ಅಧ್ಯಾಯವಿದೆ. ಬಾಣದ ಮೊನೆಯಂತಹ ಒಂದೇ ಆಕಾರ: ಮೊನೆ ಮೇಲಿದ್ದರೆ ಪಿ, ಕೆಳಗಿದ್ದರೆ ಪೇ, ಬಲಕ್ಕಿದ್ದರೆ ಪೊ, ಎಡಕ್ಕಿದ್ದರೆ ಪ. ನೋಡಿ ಬೆರಗಾದೆ.

ಲಿಪಿಗಳ ಅಕ್ಷರ, ಚಿಹ್ನೆಗಳಿಗೆ ಕಂಪ್ಯೂಟರ್‌ಗಾಗಿ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಅವರ ಪಿ ಒಂದೇ ಸಂಖ್ಯೆ, 5169. ನಮ್ಮ ಪಿ ಮಾತ್ರ 3242, 3263 ಎಂದು ಎರಡು. ‘ತೀರ್ಥಹಳ್ಳಿ’ ಕಣ್ಣಿಗೆ ನಾಲ್ಕು ಅಕ್ಷರ, ಕಂಪ್ಯೂಟರ್‌ಗೆ ಹತ್ತು. ಕೊನೆಯ ಳ್ಳಿ ಅಳಿಸಲು ಬ್ಯಾಕ್‌ಸ್ಪೇಸ್ ನಾಲ್ಕು ಸಲ ಒತ್ತಬೇಕು. ಮೊದಲು ಗುಡಿಸು ಹೋಗುತ್ತದೆ, ಆಮೇಲೆ ಒತ್ತು ಕಳಚುತ್ತದೆ. ನಮ್ಮ ಅಕ್ಷರವನ್ನೇ ಏಕೆ ಹೀಗೆ ಒಡೆದರು? ನನಗೆ ನಿಜಕ್ಕೂ ಬೇಸರವಾಗಿದೆ. ಇನ್ನೊಂದು ತೊಂದರೆ, ಕ್ರೀ ಅಕ್ಷರಗಳೆಲ್ಲ ನನ್ನ ಪುಟದಲ್ಲಿ ಖಾಲಿ ಚೌಕಗಳಾಗಿ ಕಾಣುತ್ತಿವೆ.

ಉತ್ತರ (ಶಿವಮೊಗ್ಗ)

ಬೇಸರ ಬೇಡ ಸರ್, ಒಮ್ಮೆ ಲೆಕ್ಕ ಹಾಕಿ. 34 ವ್ಯಂಜನ, 13 ಸ್ವರ: ಕಾಗುಣಿತವೇ 442. ಒಂದು ಒತ್ತು ಸೇರಿದರೆ 15,028. ‘ಸ್ತ್ರೀ’ಯಂತೆ ಎರಡು ಒತ್ತು ಬಂದರೆ ಲಕ್ಷ ದಾಟುತ್ತದೆ. ಎಲ್ಲಕ್ಕೂ ಒಂದೊಂದು ಸಂಖ್ಯೆ ಕೊಡುತ್ತಾ ಹೋದರೆ ಮುಗಿಯುವುದುಂಟೇ? ಕ್ರೀ ಲಿಪಿಯಲ್ಲಿ ವ್ಯಂಜನದ ಕೆಳಗೆ ವ್ಯಂಜನ ಬರುವುದಿಲ್ಲ. ಸ್ವರವಿಲ್ಲದ ವ್ಯಂಜನಕ್ಕೆ ಪಕ್ಕದಲ್ಲೊಂದು ಚಿಕ್ಕ ಗುರುತು, ಅಷ್ಟೇ. ಹಾಗಾಗಿ ಕ್ರೀ, ಇನುಕ್ಟಿಟುಟ್ ಮುಂತಾದ ಹಲವು ಭಾಷೆಗಳಿಗೆ ಸೇರಿಸಿ 1999ರಲ್ಲಿ 640 ಸ್ಥಾನ ಮೀಸಲಿಟ್ಟರು. ನಾವು 128 ಸ್ಥಾನಗಳಲ್ಲೇ ಎಲ್ಲವನ್ನೂ ಬರೆಯುತ್ತೇವೆ.

‘ರ್ಥ’ವನ್ನು ಗಮನಿಸಿ. ಅರ್ಕಾವತ್ತು ಥಕಾರದ ಬಲಕ್ಕೆ ಕಾಣುತ್ತದೆ, ಆದರೆ ಯೂನಿಕೋಡ್‌ನಲ್ಲಿ ರ ಮೊದಲು, ಥ ಆಮೇಲೆ. ಬಾಯಿ ನುಡಿಯುವ ಕ್ರಮವೇ ಅಲ್ಲಿ ಉಳಿದಿದೆ. ಇದನ್ನು ಒಡೆಯುವುದು ಎಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಉತ್ತರ (ಸಾಗರ, ಮುದ್ರಣಾಲಯ)

ಅಕ್ಷರ ಒಡೆದಿದ್ದು ನಮ್ಮ ಹಳೆಯ ಫಾಂಟ್‌ಗಳಲ್ಲಿ. ಅಲ್ಲಿ ಕಕಾರದ ದೇಹ ಬೇರೆ, ತಲೆಕಟ್ಟು ಬೇರೆ. ನನ್ನ ತಂದೆ ಅಚ್ಚುಮೊಳೆ ಜೋಡಿಸಿದಂತೆಯೇ ನಾವು ಕಣ್ಣಿಗೆ ಕಂಡ ತುಂಡುಗಳನ್ನು ಜೋಡಿಸುತ್ತಿದ್ದೆವು. ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಆ ಕಡತ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಯೂನಿಕೋಡ್ ಬರುವ ಮೊದಲು ಇನುಕ್ಟಿಟುಟ್ ಬರೆಯುವವರೂ ಇದೇ ಪಾಡು ಪಟ್ಟಿದ್ದಾರೆ.

ಚೌಕ ಬಂದರೆ ಗಾಬರಿ ಬೇಡ. ಸಂಖ್ಯೆ ಒಳಗೆ ಸರಿಯಾಗಿಯೇ ಇರುತ್ತದೆ, ಅದನ್ನು ಬಿಡಿಸಿ ತೋರಿಸುವ ಫಾಂಟ್ ಇರುವುದಿಲ್ಲ. ‘ನೋಟೊ ಸಾನ್ಸ್ ಕೆನೇಡಿಯನ್ ಅಬಾರಿಜಿನಲ್’ ಉಚಿತವಾಗಿ ಸಿಗುತ್ತದೆ, ಹಾಕಿಕೊಳ್ಳಿ. ಕನ್ನಡ ಭಾಗ ಹಳೆಯ ಫಾಂಟ್‌ನಲ್ಲಿದ್ದರೆ ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಅರ್ಕಾವತ್ತುಗಳನ್ನು ಒಂದೊಂದಾಗಿ ನೋಡಿ. ತಪ್ಪುವುದು ಅಲ್ಲೇ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಫಾಂಟ್ ಹಾಕಿದೆ, ಚೌಕಗಳು ಹೋದವು. ಇಂದು ಮೇಷ್ಟ್ರು ಅಂಗಡಿಗೇ ಬಂದು ಪ್ರೂಫ್ ನೋಡಿದರು. ಒಂದು ಕಡೆ ಹಸ್ತಪ್ರತಿಯ ಹಾಳೆಯನ್ನು ತಲೆಕೆಳಗಾಗಿ ಹಿಡಿದು 5169ರ ಬದಲು 5167 ಹಾಕಿದ್ದೆ. ಪಿ ಹೋಗಿ ಪೇ ಆಗಿತ್ತು. ಮೇಷ್ಟ್ರು ಪೆನ್ಸಿಲ್‌ನಿಂದ ಅದರ ಸುತ್ತ ಗೆರೆ ಎಳೆದು, ಪಕ್ಕದಲ್ಲಿ ಮೇಲ್ಮುಖವಾಗಿ ಒಂದು ಪುಟ್ಟ ಬಾಣ ಬರೆದಿದ್ದಾರೆ.