ದ್ಯುಪ್ರೆಯ ಓಪಸ್ 7: ಮೂರರಲ್ಲಿ ಯಾವುದರಿಂದ ಶುರು ಮಾಡಲಿ?

ಪ್ರಶ್ನೆ (ಚಿಕ್ಕಮಗಳೂರು)

ಇಲ್ಲಿ ಚರ್ಚಿನಲ್ಲಿ ಕೀಬೋರ್ಡ್ ನುಡಿಸುತ್ತೇನೆ. ಮನೆಯಲ್ಲಿ ಕಂಪ್ಯೂಟರಿಗೆ ಗ್ರ್ಯಾಂಡ್‌ಆರ್ಗ್ (ಪೈಪ್ ಆರ್ಗನ್ ದನಿ ಕೊಡುವ ಸಾಫ್ಟ್‌ವೇರ್) ಹಾಕಿ, ಎರಡು ಕೀಬೋರ್ಡ್, ಕಾಲಿನಲ್ಲಿ ನುಡಿಸುವ ಒಂದು ಹಳೇ ಪೆಡಲ್‌ಬೋರ್ಡ್ ಜೋಡಿಸಿದ್ದೇನೆ. ಬಾಖ್‌ನ ಡಿ ಮೈನರ್ ಟೊಕಾಟಾ ಕೈಗೆ ಕೂತಿದೆ. ಈಗ ಫ್ರೆಂಚ್ ಆರ್ಗನ್ ವಾದಕ ಮಾರ್ಸೆಲ್ ದ್ಯುಪ್ರೆ ಬರೆದ ಓಪಸ್ 7ರ (ಅವರ 7ನೇ ಕೃತಿಸಂಖ್ಯೆ) ಮೂರು ಪ್ರೆಲ್ಯೂಡ್-ಫ್ಯೂಗ್‌ಗಳ (ಮೊದಲು ಪೀಠಿಕೆಯಂಥ ಪ್ರೆಲ್ಯೂಡ್, ಆಮೇಲೆ ಒಂದೇ ರಾಗದೆಳೆಯನ್ನು ಹಲವು ದನಿಗಳು ಒಂದರ ಹಿಂದೊಂದು ಎತ್ತಿಕೊಳ್ಳುವ ಫ್ಯೂಗ್) ಹುಚ್ಚು ಹಿಡಿದಿದೆ. ಅದರಲ್ಲೂ ಜಿ ಮೈನರ್. ದ್ಯುಪ್ರೆಯ ಗುರು ವಿದೋರ್ ಅವರೇ ಇದನ್ನೂ ಬಿ ಮೇಜರನ್ನೂ ನುಡಿಸೋಕಾಗಲ್ಲ ಅಂದಿದ್ದರಂತೆ. ಕಲಿಸುವವರು ಹತ್ತಿರದಲ್ಲಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ (ಹಾಸನ)

ಮೇಡಂ, ಮನಸ್ಸು ಜಿ ಮೈನರ್ ಮೇಲಿದ್ದರೆ ಅದನ್ನೇ ಹಿಡಿಯಿರಿ. ಆದರೆ ಪ್ರೆಲ್ಯೂಡ್‌ನ ಕಷ್ಟ ಎಲ್ಲಿದೆ ಅಂತ ಮೊದಲು ನೋಡಿಕೊಳ್ಳಿ. ಕೈಗಳು ಮೆತ್ತಗೆ, ವಿಪರೀತ ವೇಗವಾಗಿ ಓಡುತ್ತಿರಬೇಕು. ಕೆಳಗೆ ಪೆಡಲ್‌ನಲ್ಲಿ ಒಂಟಿ ಸ್ವರವಲ್ಲ, ಹಲವು ಸ್ವರ ಒಟ್ಟಿಗೆ ಒತ್ತುವ ಕಾರ್ಡ್‌ಗಳು! ಒಂದೇ ಪಾದದ ತುದಿ ಒಂದು ಸ್ವರ, ಹಿಮ್ಮಡಿ ಇನ್ನೊಂದು. 1920ರಲ್ಲಿ ಬಾಖ್‌ನ ಆರ್ಗನ್ ಕೃತಿಗಳನ್ನೆಲ್ಲ ಹತ್ತು ಕಛೇರಿಗಳಲ್ಲಿ ನೆನಪಿನಿಂದಲೇ ನುಡಿಸಿದ ಮನುಷ್ಯ ತನ್ನ ಕೈಕಾಲಿಗೆ ಬರೆದುಕೊಂಡದ್ದು ಇದು.

ಆದ್ದರಿಂದ ಮೊದಲು ಕಾಲು ಮಾತ್ರ. ಬೆಂಚಿನ ಎತ್ತರ ನೋಡಿ. ಜಾಸ್ತಿ ಎತ್ತರವಿದ್ದರೆ ಹಿಮ್ಮಡಿ ತಲುಪುವುದೇ ಇಲ್ಲ. ತೆಳು ಅಟ್ಟೆಯ, ಸ್ವಲ್ಪ ಹೀಲ್ ಇರುವ ಶೂ ಹಾಕಿ. ಆಮೇಲೆ ಕಾಲಿನ ಜೊತೆ ಎಡಗೈ. ಬಲಗೈ ಕೊನೆಗೆ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಬಿಡಬೇಡಿ. ಅಭ್ಯಾಸದ ಹೊತ್ತು ರಿವರ್ಬ್ (ಸಾಫ್ಟ್‌ವೇರ್ ಸೇರಿಸುವ ಗೂಂಜು) ಆಫ್ ಮಾಡಿ. ಹೆಡ್‌ಫೋನಿನಲ್ಲಿ ಪ್ಯಾರಿಸ್‌ನ ದೊಡ್ಡ ಚರ್ಚಿನ ಗುಂಯ್ ಅನ್ನುವ ಗೂಂಜು ಕೇಳುತ್ತಿದ್ದರೆ ಒಂದಕ್ಕೊಂದು ಅಂಟಿಕೊಂಡ ಸ್ವರಗಳೂ ಚೆನ್ನಾಗೇ ಕೇಳಿಸುತ್ತವೆ. ಅದು ಮೋಸ.

ಉತ್ತರ (ಮೂಡಿಗೆರೆ)

ಇನ್ನೊಬ್ಬ ಫ್ರೆಂಚ್ ಆರ್ಗನ್ ವಾದಕ ಲೂಯಿ ವಿಯೆರ್ನ್ ಅವರ "24 ಪಿಯೆಸ್ ಆಂ ಸ್ತಿಲ್ ಲಿಬ್ರ್" (ಸ್ವತಂತ್ರ ಶೈಲಿಯ 24 ಚಿಕ್ಕ ಕೃತಿಗಳು) ಜೊತೆಗಿಟ್ಟುಕೊಳ್ಳಿ. ಅದೂ ದ್ಯುಪ್ರೆಯ ಈ ಕೃತಿಗಳ ಕಾಲದ್ದೇ, 1913ರಲ್ಲಿ ಬರೆದದ್ದು. ಪೆಡಲ್ ಇಲ್ಲದೆ, ಕಾಲಿನಲ್ಲಿ ಗಾಳಿ ತುಳಿಯುವ ಹಾರ್ಮೋನಿಯಂನಲ್ಲೂ ನುಡಿಸಬಹುದು. ನಮ್ಮ ಮಳೆಗಾಲದಲ್ಲಿ ಕರೆಂಟ್ ಇರಲ್ಲ, ಅಲ್ವಾ? ವಿಯೆರ್ನ್ 1937ರಲ್ಲಿ ತೀರಿಕೊಂಡರು, ಹಾಗಾಗಿ ಇಲ್ಲಿ ಸ್ವರಲಿಪಿ ಮುಕ್ತ. ದ್ಯುಪ್ರೆ ಹೋದದ್ದು 1971ರಲ್ಲಿ. ಭಾರತದಲ್ಲಿ ಕೃತಿಸ್ವಾಮ್ಯದ ಹಕ್ಕು ಬರೆದವರು ತೀರಿಕೊಂಡ ಮೇಲೆ 60 ವರ್ಷ, ಅವರ ಪುಸ್ತಕ ಕೊಂಡೇ ತರಿಸಬೇಕು.

ಪ್ರಶ್ನೆ ಕೇಳಿದವರು

ತುಂಬಾ ಥ್ಯಾಂಕ್ಸ್. ಹಾಸನದ ಸರ್, ಫ್ಯೂಗ್ ಕೂಡ ಈಗಲೇ ಶುರು ಮಾಡಬಹುದಾ?

ಉತ್ತರ (ಹಾಸನ)

ಖಂಡಿತ. ಪ್ರೆಲ್ಯೂಡ್‌ನ ಕಾಲು ಪಳಗುವ ತನಕ ಕಾಯಬೇಡಿ. ಫ್ಯೂಗ್‌ನ ಒಂದೊಂದು ದನಿಯನ್ನೂ ಬೇರೆ ಬೇರೆ ನುಡಿಸಿ, ಆಮೇಲೆ ಎರಡೆರಡು ಸೇರಿಸಿ. ಬೆರಳು ಯಾವುದು ಅಂತ ಪೆನ್ಸಿಲ್‌ನಲ್ಲಿ ಬರೆದಿಡಿ, ದಿನಕ್ಕೊಂದು ಬದಲಾಯಿಸಬೇಡಿ.