ಆಫೀಸರ್ ಪ್ರಮೋಷನ್ ಬಂದಿದೆ, ಕೆಲಸದಲ್ಲಿ ಮಾತ್ರ ಮನಸ್ಸು ನಿಲ್ಲುತ್ತಿಲ್ಲ. ಅನುಭವ ಇದ್ದವರು ಹೇಳಿ

ನವನಗರ ಕೌಂಟರ್:
ಬಾಗಲಕೋಟೆಯಲ್ಲಿ ಒಂದು ಸರ್ಕಾರಿ ಬ್ಯಾಂಕಿನಲ್ಲಿ ಕ್ಲರ್ಕ್ ಆಗಿದ್ದೇನೆ. ಸೇರಿ 11 ವರ್ಷ. ಮೊದಲು ಹುರುಪಿತ್ತು. ಕೌಂಟರ್‌ಗೆ ಬಂದವರ ಊರು, ಬೆಳೆ, ಮನೆ ಕಥೆ ಎಲ್ಲಾ ಗೊತ್ತಿರುತ್ತಿತ್ತು. ಈಗ ಮಧ್ಯಾಹ್ನದ ಹೊತ್ತಿಗೇ ಸಾಕಾಗುತ್ತದೆ. ಕೆಲಸ ನಿಧಾನ ಆಗಿದೆ ಅಂತ ಮ್ಯಾನೇಜರ್ ಕರೆದು ಹೇಳಿದರು. ಆಫೀಸರ್ ಪ್ರಮೋಷನ್ ಪರೀಕ್ಷೆ, ಸಂದರ್ಶನ ಎರಡೂ ಪಾಸಾಗಿದೆ. ಒಪ್ಪಿದರೆ ಎಲ್ಲಿಗೆ ಹಾಕುತ್ತಾರೋ ಗೊತ್ತಿಲ್ಲ. ಮನೆಯವರು ಇಲ್ಲೇ ಅನುದಾನಿತ ಶಾಲೆಯಲ್ಲಿ ಶಿಕ್ಷಕರು, ಅವರು ಊರು ಬಿಡುವ ಹಾಗಿಲ್ಲ. ಮಗಳು ಐದನೇ ಕ್ಲಾಸ್. ಪ್ರಮೋಷನ್ ತಗೊಂಡವರಿಗೆ ಕೆಲಸದ ಹುರುಪು ವಾಪಸ್ ಬಂತಾ? ಬೇಡ ಅಂದವರು ಈಗ ಹೇಗಿದ್ದೀರಿ?

ಜಮಖಂಡಿ ಫೀಲ್ಡ್ ಆಫೀಸರ್:
ತಗೊಳ್ಳಿ ತಂಗಿ. ನಾನು ತಗೊಂಡೆ, ಇವತ್ತಿಗೂ ಹೆಮ್ಮೆ ಇದೆ. ಆದರೆ ಖರ್ಚು ಏನಾಯಿತು ಅಂತ ಪೂರ್ತಿ ಕೇಳಿ.

ಮೊದಲ ಪೋಸ್ಟಿಂಗ್ ವಿದರ್ಭದ ಕಡೆ ಕೊಟ್ಟರು. ಮನೆ ಅಡ್ವಾನ್ಸ್ 40,000. ಬಿಡುವಾಗ ಮಾಲೀಕ ಬಣ್ಣ, ನಲ್ಲಿ ಅಂತ ಮುರಿದುಕೊಂಡು 22,000 ಕೈಗಿಟ್ಟ. ಸಾಮಾನು ಸಾಗಿಸಿದ ಟೆಂಪೋಗೆ 18,500. ಅಲ್ಲಿನ ಬಿಸಿಲಿಗೆ ಕೂಲರ್ ಇಲ್ಲದೆ ಆಗಲ್ಲ, ಅದಕ್ಕೆ 9,500. ಬ್ಯಾಂಕಿನಿಂದ ಲೀಸ್ ಮನೆ ಸಿಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಮಾಲೀಕ ಬ್ಯಾಂಕಿನ ಜೊತೆ ಕರಾರಿಗೆ ಸಹಿ ಹಾಕಲ್ಲ ಅಂದುಬಿಟ್ಟ. ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ತಗೊಂಡು ಉಳಿದ ಬಾಡಿಗೆ ಕೈಯಿಂದ ಕಟ್ಟಿದೆ. ಇತ್ತ ಜಮಖಂಡಿಯ ಮನೆ ಖರ್ಚು ಹಾಗೇ ಇತ್ತು. ಬ್ಯಾಂಕಿನವರ 12ನೇ ಪಗಾರ ಒಪ್ಪಂದದಲ್ಲಿ ಸ್ಕೇಲ್ 1ರ, ಅಂದರೆ ಆಫೀಸರ್‌ನ ಮೊದಲ ದರ್ಜೆಯ, ಆರಂಭದ ಬೇಸಿಕ್ 48,480 ಆಗಿದೆ ನಿಜ. ಆದರೆ ಹಳೇ ಕ್ಲರ್ಕ್‌ಗೆ ಕೈಗೆ ಬರುವ ಪಗಾರದಲ್ಲಿ ದೊಡ್ಡ ಜಿಗಿತ ಏನೂ ಇರಲ್ಲ. ಓವರ್‌ಟೈಮ್ ಅನ್ನೋದು ಆಫೀಸರ್‌ಗೆ ಇಲ್ಲವೇ ಇಲ್ಲ. ಅವ್ವನ ಕಣ್ಣಿನ ಆಪರೇಷನ್‌ಗೆ ನಾನು ಇರಲಿಲ್ಲ. ಅದು ಇನ್ನೂ ಚುಚ್ಚುತ್ತದೆ.

ಹುರುಪು ಬಂದಿದ್ದು ವಾಪಸ್ ಈ ಕಡೆ ಬಂದ ಮೇಲೆ. ಕೃಷ್ಣಾ ದಂಡೆಯ ಹಳ್ಳಿ ಶಾಖೆ, ಎಲ್ಲಾ ಕಬ್ಬಿನವರು. 3 ಲಕ್ಷದವರೆಗಿನ ಬೆಳೆ ಸಾಲಕ್ಕೆ ಬಡ್ಡಿ 7%, ಹೊತ್ತಿಗೆ ಸರಿಯಾಗಿ ಕಟ್ಟಿದರೆ 4%. ಕಾರ್ಖಾನೆ ಬಿಲ್ ತಡವಾದರೆ ರೈತ ತಾರೀಖು ತಪ್ಪುತ್ತಾನೆ, 3% ರಿಯಾಯಿತಿ ಹೋಗುತ್ತದೆ, ಸಾಲ ಓವರ್‌ಡ್ಯೂ. ನಾನು ಕಾರ್ಖಾನೆಯ ಕಬ್ಬಿನ ಆಫೀಸಿಗೇ ಹೋಗಿ ಬಿಲ್ ಯಾವಾಗ ಅಂತ ಕೇಳಿಕೊಂಡು, ತಾರೀಖು ಹತ್ತಿರ ಬಂದವರಿಗೆ ಮುಂಚೆಯೇ ಫೋನ್ ಮಾಡತೊಡಗಿದೆ. ವಸೂಲಿ ಸುಧಾರಿಸಿತು. ಉತಾರದ (ಪಹಣಿ) ಮೇಲಿನ ಸಾಲದ ಬೋಜಾ ಇಳಿಸಲು ಬಂದ ರೈತ ಕೈ ಹಿಡಿದು ಮಾತಾಡಿಸುತ್ತಾನಲ್ಲ, ಕ್ಲರ್ಕ್ ಆಗಿದ್ದಾಗ ಅದು ಸಿಕ್ಕಿರಲಿಲ್ಲ.

ವಿಜಯಪುರ ಕ್ಯಾಶ್ ಅಕ್ಕ:
ಸಿಕ್ಕಿರಲಿಲ್ಲ ಅಂದರೆ ನಿಮ್ಮ ಶಾಖೆ ಅಂಥದ್ದು. ಕ್ಲರ್ಕ್ ಕೆಲಸದಲ್ಲಿ ತೃಪ್ತಿ ಇಲ್ಲ ಅಂತ ಹೇಳಬೇಡಿ.

ನನಗೂ ಅವಕಾಶ ಬಂದಿತ್ತು. ಬೇಡ ಅಂತ ಬರೆದುಕೊಟ್ಟೆ, ಯಾರ ಒತ್ತಾಯಕ್ಕೂ ಅಲ್ಲ. ನನಗಿಂತ ಆಮೇಲೆ ಸೇರಿದವರು ಈಗ ನನ್ನ ಮೇಲೆ ಮ್ಯಾನೇಜರ್. ವರ್ಷಕ್ಕೆ ಎಷ್ಟು ಕಳೆದುಕೊಂಡೆ ಅಂತ ಸಂಬಂಧಿಕರೆಲ್ಲ ಲೆಕ್ಕ ಹೇಳಿದ್ದಾರೆ. ಜೆಎಐಐಬಿ, ಸಿಎಐಐಬಿ ಅನ್ನುವ ಬ್ಯಾಂಕಿಂಗ್ ಪರೀಕ್ಷೆ ಎರಡೂ ಮುಗಿಸಿದ್ದೇನೆ, ಆ ಇನ್‌ಕ್ರಿಮೆಂಟ್ ನನಗಿದೆ, ಸಾಕು.

2016ರ ನೋಟು ರದ್ದತಿಯಲ್ಲಿ ಕ್ಯಾಶ್‌ನಲ್ಲಿ ಇದ್ದವಳು ನಾನು. ರಾತ್ರಿ ಹತ್ತಾದರೂ ಮನೆ ಇಲ್ಲ. ಎಣಿಕೆ ಮಷೀನ್ ಬಿಸಿಯಾಗಿ ನಿಂತುಹೋಗಿತ್ತು. ಕೊನೆಗೆ ಹಳೇ 500ರ ಖೋಟಾ ನೋಟು 15 ನನ್ನ ಲೆಕ್ಕಕ್ಕೆ ಬಿದ್ದವು. 7,500 ರೂಪಾಯಿ ಪಗಾರದಿಂದ ಕಟ್ಟಿದೆ. ಒಬ್ಬರೂ ಒಂದು ಮಾತು ಕೇಳಲಿಲ್ಲ. ಆ ನೋವು ಬೇರೆ. ಈಗ ಗೃಹಲಕ್ಷ್ಮಿ ಹಣ ಬಿದ್ದ ದಿನ ಬಾಗಿಲಿಂದ ಹೊರಗೆ ಸಾಲು. ಆಧಾರ್ ಜೋಡಣೆ ಆಗದೆ 2,000 ಬಂದಿಲ್ಲ ಅಂತ ಅಳುವವರೂ ಅದೇ ಸಾಲಿನಲ್ಲಿ. ಅವರದ್ದು ಸರಿ ಮಾಡಿ ಕಳಿಸುವ ತನಕ ನಾನು ಊಟಕ್ಕೆ ಏಳಲ್ಲ. ನನ್ನ ಮೇಲೆ ಇಲ್ಲಿಯವರೆಗೆ ಒಂದೇ ಒಂದು ದೂರು ಇಲ್ಲ. ಇದಕ್ಕಿಂತ ಪರ್ಫಾರ್ಮೆನ್ಸ್ ಯಾವುದು ಬೇಕು?

ಬೆಳಗಾವಿ ಬಿಟ್ಟುಬಂದವನು:
ಎಲ್ಲರೂ ಸರ್ಕಾರಿ ಬ್ಯಾಂಕಿನವರೇ ಬರೆದಿದ್ದೀರಿ. ಖಾಸಗಿಯದ್ದೂ ಕೇಳಿ.

ನಾನು ಬೆಳಗಾವಿಯಲ್ಲಿ ಒಂದು ಖಾಸಗಿ ಬ್ಯಾಂಕಿನಲ್ಲಿ ರಿಲೇಷನ್‌ಶಿಪ್ ಮ್ಯಾನೇಜರ್ ಆಗಿದ್ದೆ. ಟಾರ್ಗೆಟ್‌ನಲ್ಲಿ ನಾನೇ ಮುಂದೆ. ಬಹುಮಾನ, ಫೋಟೊ ಎಲ್ಲಾ ಆಯಿತು. ತೃಪ್ತಿ ಮಾತ್ರ ಸೊನ್ನೆ. ಆದ್ದರಿಂದ ತೃಪ್ತಿ ಇದ್ದರೇ ಕೆಲಸ ಚೆನ್ನಾಗಿ ಆಗುತ್ತದೆ ಅನ್ನೋದನ್ನ ನಾನು ಒಪ್ಪಲ್ಲ. ಭಯ ಇದ್ದರೂ ಆಗುತ್ತದೆ, ಸ್ವಲ್ಪ ದಿನ.

ಸಂಜೆ ಆರೂವರೆಗೆ ಕಾನ್ಫರೆನ್ಸ್ ಕಾಲ್. ಇವತ್ತು ಎಷ್ಟು ಪಾಲಿಸಿ ಅಂತ ಹೆಸರು ಕರೆದು ಕೇಳುತ್ತಾರೆ, ಇಲ್ಲ ಅಂದರೆ ಎಲ್ಲರ ಮುಂದೆ ಬೈಗುಳ. ಆಲಮಟ್ಟಿ ಹಿನ್ನೀರಿನಲ್ಲಿ ಹೊಲ ಹೋಗಿ ಮುಳುಗಡೆ ಪರಿಹಾರ ಬಂದಿದ್ದ ಹಿರಿಯರೊಬ್ಬರು ಎಫ್‌ಡಿ ಮಾಡಿಸಲು ಬಂದರು. ಅವರಿಗೆ ಯುಲಿಪ್ (ಮಾರ್ಕೆಟ್‌ಗೆ ಜೋಡಿಸಿದ ವಿಮೆ) ಹಾಕು ಅಂತ ಮೇಲಿನವರು ಅಂದರು. ವರ್ಷಕ್ಕೆ 2 ಲಕ್ಷ ಕಂತು. ಅದಕ್ಕೆ ಐದು ವರ್ಷದ ಲಾಕ್-ಇನ್ ಇದೆ. ನಡುವೆ ಕಂತು ನಿಲ್ಲಿಸಿದರೆ ದುಡ್ಡು ಬೇರೆ ಫಂಡಿಗೆ ಹೋಗಿ, ಐದು ವರ್ಷ ತುಂಬಿದ ಮೇಲೇ ಕೈಗೆ ಬರೋದು. ನಾನು ಆಗಲ್ಲ ಅಂದೆ. ಪಕ್ಕದ ಟೇಬಲ್‌ನವನು ಹಾಕಿಸಿದ. ಮರುವರ್ಷ ಕಂತು ಕಟ್ಟಲಾಗದೆ ಹಿರಿಯರು ಶಾಖೆಗೆ ಬಂದರು. ಆ ವಾರವೇ ರಾಜೀನಾಮೆ ಕೊಟ್ಟೆ. 90 ದಿನದ ನೋಟಿಸ್ ಪೂರೈಸದ್ದಕ್ಕೆ 1,12,000 ಕಟ್ಟಿಸಿಕೊಂಡರು. ಬರಬೇಕಿದ್ದ ಇನ್ಸೆಂಟಿವ್ 38,000 ಇನ್ನೂ ಬಂದಿಲ್ಲ. ಈಗ ಗೋಕಾಕ ಕಡೆ ಪತ್ತಿನ ಸಂಘದಲ್ಲಿ ಇದ್ದೇನೆ. 52,000 ಇದ್ದ ಪಗಾರ 24,000 ಆಗಿದೆ. ರಾತ್ರಿ ನಿದ್ದೆ ಬರುತ್ತದೆ.

ಕ್ಯಾಶ್ ಅಕ್ಕ, ಟಾರ್ಗೆಟ್ ಇಲ್ಲದ ಕುರ್ಚಿಯಲ್ಲಿ ಕೂತು ಹೆಮ್ಮೆ ಪಡೋದು ಸುಲಭ ಇದೆ.

ವಿಜಯಪುರ ಕ್ಯಾಶ್ ಅಕ್ಕ:
ಟಾರ್ಗೆಟ್ ಇಲ್ಲ ಅಂತ ನಿಮಗೆ ಯಾರು ಹೇಳಿದರು ತಮ್ಮ? ಅಟಲ್ ಪೆನ್ಷನ್‌ಗೆ ಜನರನ್ನು ಸೇರಿಸುವ ಲಾಗಿನ್ ಡೇ ದಿನ ಬಂದು ನನ್ನ ಪಕ್ಕ ಕೂಡಿ. 18ರಿಂದ 40ರೊಳಗಿನವರನ್ನು ಸಾಲಿನಲ್ಲಿ ಹುಡುಕಬೇಕು. 436 ರೂಪಾಯಿಯ ಜೀವ ವಿಮೆ, 20 ರೂಪಾಯಿಯ ಅಪಘಾತ ವಿಮೆ, ಎಲ್ಲಕ್ಕೂ ಲೆಕ್ಕ ಕೇಳುತ್ತಾರೆ. ಆದರೆ ಇವನ್ನ ನಾನು ಮನಸ್ಸಿಟ್ಟು ಮಾಡುತ್ತೇನೆ. ತಿಕೋಟಾ ಕಡೆಯ ದ್ರಾಕ್ಷಿ ತೋಟದಲ್ಲಿ ಕೂಲಿ ಮಾಡುವ ಹೆಣ್ಣುಮಗಳ ಗಂಡ ತೀರಿಕೊಂಡ. 436ರ ವಿಮೆ ಇತ್ತು. ಅರ್ಜಿ ತುಂಬಿ, ಮರಣ ಪತ್ರ ತರಿಸಿ, ಹಿಂದೆ ಬಿದ್ದು 2 ಲಕ್ಷ ಕೊಡಿಸಿದೆ. ಕುರ್ಚಿಯಲ್ಲಿ ಸುಮ್ನೆ ಕೂತವಳ ಕೆಲಸ ಅಲ್ಲ ಅದು.

ವಿಜಯಪುರ ಎಂಬಿಎ ಮೇಷ್ಟ್ರು:
ಇಬ್ಬರೂ ಸರಿಯಾಗೇ ಹೇಳುತ್ತಿದ್ದೀರಿ, ಜಗಳ ಬೇಡ. ತೃಪ್ತಿ ಮತ್ತು ಕೆಲಸದ ಗುಣಮಟ್ಟದ ಸಂಬಂಧವನ್ನು ಎಷ್ಟೋ ವರ್ಷದಿಂದ ಅಳೆಯುತ್ತಾ ಬಂದಿದ್ದಾರೆ. 1985ರಲ್ಲಿ ಹಳೇ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿದಾಗ ಬಂದ ಸಹಸಂಬಂಧ ಬರೀ 0.17 (0 ಅಂದರೆ ಸಂಬಂಧ ಇಲ್ಲ, 1 ಅಂದರೆ ಪೂರ್ತಿ ಹೊಂದಿಕೆ). 2001ರಲ್ಲಿ ಟಿಮೊತಿ ಜಡ್ಜ್ ಮತ್ತು ಜೊತೆಗಾರರು 54,000ಕ್ಕೂ ಹೆಚ್ಚು ಜನರ ಮಾಹಿತಿ ಸೇರಿಸಿದಾಗ 0.30. ಸಂಬಂಧ ಇದೆ, ಆದರೆ ಅದೇ ಎಲ್ಲಾ ಅಲ್ಲ. ಗೋಕಾಕದ ತಮ್ಮ ತೃಪ್ತಿ ಇಲ್ಲದೆಯೂ ಮುಂದಿದ್ದರು ಅನ್ನೋದು ಇದಕ್ಕೆ ಹೊಂದುತ್ತದೆ.

ತೊಡಗುವಿಕೆ, ಅಂದರೆ ಕೆಲಸದಲ್ಲಿ ಮನಸ್ಸಿಟ್ಟು ಮುಳುಗೋದು, ಬೇರೆ ವಿಷಯ. 1990ರಲ್ಲಿ ವಿಲಿಯಂ ಕಾನ್ ಅನ್ನುವವರು ಮೂರು ಅಂಶ ಹೇಳಿದರು: ಮಾಡುವ ಕೆಲಸಕ್ಕೆ ಅರ್ಥ ಇರಬೇಕು, ಮಾತಾಡಿದರೆ ಏಟು ಬೀಳಲ್ಲ ಅನ್ನುವ ಧೈರ್ಯ ಇರಬೇಕು, ಮೈಯಲ್ಲಿ ಮನಸ್ಸಿನಲ್ಲಿ ಕಸುವು ಉಳಿದಿರಬೇಕು. ಹರ್ಜ್‌ಬರ್ಗ್ ಅನ್ನುವ ಮನಶ್ಶಾಸ್ತ್ರಜ್ಞರು ಅದಕ್ಕೂ ಮುಂಚೆಯೇ ಹೇಳಿದ್ದರು. ಪಗಾರ, ಕೆಲಸದ ಸ್ಥಿತಿ, ಮೇಲಿನವರ ವರ್ತನೆ ಕೆಟ್ಟರೆ ಅತೃಪ್ತಿ ಬರುತ್ತದೆ. ಅವು ಸರಿ ಇದ್ದ ಮಾತ್ರಕ್ಕೆ ಹುರುಪು ಬರಲ್ಲ. ನಾನೂ ಸ್ವಲ್ಪ ಕಾಲ ಬ್ಯಾಂಕಿನಲ್ಲಿದ್ದು, ಪಿಎಚ್‌ಡಿಗೆ ಅಂತ ಬಿಟ್ಟವನು. ಅವಧಿಗೆ ಮುಂಚೆ ಬಿಟ್ಟರೆ ಕಟ್ಟಬೇಕಾದ ಬಾಂಡ್ ಹಣ 2 ಲಕ್ಷ ಕಟ್ಟಿ ಹೊರಗೆ ಬಂದೆ. ಅದನ್ನ ತೀರಿಸಲು ಹೆಂಡತಿಯ ಪಾಟ್ಲಿ ಒತ್ತೆ ಇಟ್ಟಿದ್ದೆವು.

ಜಮಖಂಡಿ ಫೀಲ್ಡ್ ಆಫೀಸರ್:
ಮೇಷ್ಟ್ರೇ, ಈ 0.30 ತಗೊಂಡು ಮಾರ್ಚ್ ಕೊನೇ ವಾರ ನಮ್ಮ ಶಾಖೆಗೆ ಬನ್ನಿ. ಒಬ್ಬ ಆಫೀಸರ್, ಒಬ್ಬ ಕ್ಲರ್ಕ್, ಸರ್ವರ್ ಡೌನ್. ಅಲ್ಲಿ ಕಾನ್ ಏನು ಹೇಳುತ್ತಾರೆ ನೋಡೋಣ.

ವಿಜಯಪುರ ಎಂಬಿಎ ಮೇಷ್ಟ್ರು:
ಅದನ್ನೇ ಹೇಳುತ್ತಾರೆ ಸರ್. ಕಸುವು ಉಳಿಯಲ್ಲ ಅಂತ. ಓದದೆ ಸಿಟ್ಟಾಗಬೇಡಿ.

ಮುಧೋಳ ಮನೆಯಾಕೆ:
ಆಫೀಸರ್‌ಗಳು ಹುರುಪು ಅಂತ ಬರೆಯುತ್ತೀರಿ. ಮನೆಯವರನ್ನ ಯಾರೂ ಕೇಳಲ್ಲ. ನಮ್ಮವರು ಪ್ರಮೋಷನ್ ತಗೊಂಡು ಹೋದಾಗ ಮಗ ಎಂಟನೇ ಕ್ಲಾಸ್. ಅವನ ಎಸ್‌ಎಸ್‌ಎಲ್‌ಸಿ ಮುಗಿಯುವವರೆಗೆ ನಾನೊಬ್ಬಳೇ. ಮಾವನಿಗೆ ಪಾರ್ಶ್ವವಾಯು ಹೊಡೆದ ರಾತ್ರಿ ಬಾಗಲಕೋಟೆಗೆ ಕರೆದುಕೊಂಡು ಹೋಗಿದ್ದು ನಾನು, ನಮ್ಮ ಓಣಿಯ ಹುಡುಗರು. ಇವರಿಗೆ ಆಡಿಟ್ ಇತ್ತು, ರಜೆ ಸಿಗಲಿಲ್ಲ. ಆಸ್ಪತ್ರೆ ಬಿಲ್ 1,86,000. ವಾಪಸ್ ಬಂದಿದ್ದು ಅದರಲ್ಲಿ ಸ್ವಲ್ಪ. ಇವರಿಗೂ ಈಗ ಬಿಪಿ, ಶುಗರ್ ಎರಡೂ. ಭಾನುವಾರವೂ ವಾಟ್ಸಾಪ್ ಗ್ರೂಪಿನಲ್ಲಿ ವಸೂಲಿ ಲೆಕ್ಕ ಹಾಕುತ್ತಾ ಕೂಡುತ್ತಾರೆ. ಕ್ಲರ್ಕ್ ಆಗಿದ್ದಾಗ ಮನೆಗೆ ಬಂದು ಮಗನ ಜೊತೆ ಕೇರಂ ಆಡುತ್ತಿದ್ದ ಮನುಷ್ಯ.

ಚಿಕ್ಕೋಡಿ ಸಿಂಗಲ್ ವಿಂಡೋ:
ಅಸಲು ಸಿಟ್ಟು ಬೇರೆ ಕಡೆ ಇದೆ. ಕ್ಲರ್ಕ್ ಆಗಲು ಆ ರಾಜ್ಯದ ಭಾಷೆ ಬರಬೇಕು ಅನ್ನುವ ನಿಯಮ ಇದೆ. ಆಫೀಸರ್‌ಗಳು ಎಲ್ಲಿಂದಲೋ ಬರುತ್ತಾರೆ. ನಮ್ಮ ಮ್ಯಾನೇಜರ್‌ಗೆ ಕನ್ನಡವೂ ಇಲ್ಲ, ಮರಾಠಿಯೂ ಇಲ್ಲ. ರೈತ ಬಂದರೆ ನಾನು ಕೌಂಟರ್ ಬಿಟ್ಟು ಕ್ಯಾಬಿನ್‌ಗೆ ಓಡಿ ಅನುವಾದ ಮಾಡಬೇಕು. ಇತ್ತ ಸಾಲಿನಲ್ಲಿ ನಿಂತವರು ನನ್ನನ್ನೇ ಬೈಯುತ್ತಾರೆ. ಕೆಲಸ ನಿಧಾನ ಅಂತ ಮೆಮೊ ಕೂಡ ನನಗೇ.

ತಿಳಕವಾಡಿ ನಿವೃತ್ತ:
ನಮ್ಮ ಕಾಲದಲ್ಲಿ ಲೆಡ್ಜರ್ ಕೈಯಲ್ಲಿ ಬರೆಯುತ್ತಿದ್ದೆವು, ಬ್ಯಾಲೆನ್ಸಿಂಗ್ ಮಾಡಲು ರಾತ್ರಿಯಾಗುತ್ತಿತ್ತು. ಆದರೂ ಕೆಲಸಕ್ಕೆ ಹೋಗಲು ಬೇಸರ ಅನ್ನೋದು ಇರಲಿಲ್ಲ. ಕಾರಣ ಹೇಳುತ್ತೇನೆ, ಪೆನ್ಷನ್. ಮುಂದೆ ಏನು ಅನ್ನುವ ಚಿಂತೆ ಇಲ್ಲದವನು ಮನಸ್ಸಿಟ್ಟು ದುಡಿಯುತ್ತಾನೆ. 2010ರಲ್ಲಿ ಎರಡನೇ ಸಲ ಆಯ್ಕೆ ಕೊಟ್ಟಾಗ, ಪಿಎಫ್‌ನಲ್ಲಿದ್ದ ಬ್ಯಾಂಕಿನ ಪಾಲು ಬಿಟ್ಟುಕೊಟ್ಟು, ಮೇಲೆ ಕೈಯಿಂದಲೂ ಹಾಕಿ ಪೆನ್ಷನ್‌ಗೆ ಬಂದೆ. ಅದಕ್ಕೆ ಶಹಾಪುರದ ಸೈಟು ಮಾರಬೇಕಾಯಿತು. ಸರಿಯಾದದ್ದನ್ನೇ ಮಾಡಿದ್ದೇನೆ. ಆದರೆ ಪ್ರತಿ ಒಪ್ಪಂದದಲ್ಲಿ ಕೆಲಸದಲ್ಲಿರುವವರ ಬೇಸಿಕ್ ಏರುತ್ತದೆ, ನಮ್ಮ ಬೇಸಿಕ್ ಪೆನ್ಷನ್ ಅಲ್ಲೇ ನಿಂತಿದೆ. ಇದರ ಬಗ್ಗೆ ಈಗಿನ ಹುಡುಗರು ಬಾಯಿ ಬಿಡಲ್ಲ.

ಚಿಕ್ಕೋಡಿ ಸಿಂಗಲ್ ವಿಂಡೋ:
ಕಾಕಾ, 2010ರ ಏಪ್ರಿಲ್ 1ರಿಂದ ಸೇರಿದ ನಮಗೆ ಆ ಪೆನ್ಷನ್ನೇ ಇಲ್ಲ, ಎನ್‌ಪಿಎಸ್ ಅನ್ನುವ ಬೇರೆ ಯೋಜನೆ. ಪಗಾರದ ಮೇಲೆ ನಮ್ಮ 10%, ಬ್ಯಾಂಕಿನ 14%, ಕೊನೆಗೆ ಸಿಗೋದೂ ಮಾರ್ಕೆಟ್ ಮೇಲೆ. ನಿಮ್ಮದು ಏರಲಿಲ್ಲ ಅಂತ ನಾವು ಧರಣಿ ಕೂಡಬೇಕಾ? ನಮಗೆ ಎನ್‌ಪಿಎಸ್ ತಂದಾಗ ನಿಮ್ಮ ಯೂನಿಯನ್ ಒಪ್ಪಿ ಸಹಿ ಹಾಕಿತಲ್ಲ.

ತಿಳಕವಾಡಿ ನಿವೃತ್ತ:
ಯೂನಿಯನ್ ಬಗ್ಗೆ ಮಾತಾಡುವ ಮುಂಚೆ ಎಷ್ಟು ಮುಷ್ಕರದಲ್ಲಿ ಪಗಾರ ಕಡಿತ ಮಾಡಿಸಿಕೊಂಡಿದ್ದೀರಿ ಅಂತ ಹೇಳಿ.

ಬೆಳಗಾವಿ ಬಿಟ್ಟುಬಂದವನು:
ಇಬ್ಬರದೂ ಪೆನ್ಷನ್ ಆಯಿತು. ನಮ್ಮ ಪತ್ತಿನ ಸಂಘದಲ್ಲಿ ಪಿಎಫ್ ಬಿಟ್ಟರೆ ಏನಿಲ್ಲ. ಆ ತಂಗಿ ಏನು ಕೇಳಿದ್ದರು ಅನ್ನೋದನ್ನೇ ಮರೆತಿರಿ.

ನವನಗರ ಕೌಂಟರ್:
ಎಲ್ಲರದ್ದೂ ಓದಿದೆ. ಚಿಕ್ಕೋಡಿಯವರು ಬರೆದದ್ದು ನನ್ನದೇ ಪರಿಸ್ಥಿತಿ. ನಾನು ಎರಡು ವರ್ಷದಿಂದ ಕೌಂಟರ್ ಜೊತೆ ಸಾಲದ ಕಾಗದಪತ್ರ, ಅನುವಾದ, ವಿಮೆ ಎಲ್ಲಾ ಮಾಡುತ್ತಿದ್ದೇನೆ. ಒಬ್ಬರ ಕೆಲಸವನ್ನೂ ಕೊನೆಯವರೆಗೆ ಮುಗಿಸಿ ಕಳಿಸಲು ಆಗುತ್ತಿಲ್ಲ. ಬೇಸರ ಅಲ್ಲಿಂದಲೇ ಬಂದಿದೆ ಅನಿಸುತ್ತದೆ. ಈಗ ಒಂದೇ ಪ್ರಶ್ನೆ. ಬೇಡ ಅಂದರೆ ಮತ್ತೆ ಅವಕಾಶ ಸಿಗುತ್ತಾ? ಒಪ್ಪಿಗೆ ಪತ್ರ ಕೊಡಲು ಈ ಶುಕ್ರವಾರ ಕೊನೆ.

ವಿಜಯಪುರ ಕ್ಯಾಶ್ ಅಕ್ಕ:
ಒಂದೊಂದು ಬ್ಯಾಂಕಿನಲ್ಲಿ ಒಂದೊಂದು ನಿಯಮ ತಂಗಿ. ಬೇಡ ಅಂದವರನ್ನ ಕೆಲವು ವರ್ಷ ಪರೀಕ್ಷೆಗೇ ಕೂಡಿಸಲ್ಲ. ನಿಮ್ಮ ಪ್ರಮೋಷನ್ ಸರ್ಕ್ಯುಲರ್ ತೆಗೆದು ಆ ಭಾಗವನ್ನ ನೀವೇ ಓದಿ, ಯಾರ ಬಾಯಿಮಾತನ್ನೂ ನಂಬಬೇಡಿ. ಜೊತೆಗೆ ಮ್ಯಾನೇಜರ್ ಹತ್ತಿರ ಹೋಗಿ ಕೌಂಟರ್ ಒಂದನ್ನೇ ಕೊಡಿ ಅಂತ ಕೇಳಿ. ಬಾಯಲ್ಲಿ ಅಲ್ಲ, ಬರೆದು ಕೊಡಿ.

ಜಮಖಂಡಿ ಫೀಲ್ಡ್ ಆಫೀಸರ್:
ಬರೆದು ಕೊಟ್ಟರೆ ಮ್ಯಾನೇಜರ್ ಬದಲಾಗುತ್ತಾರಾ? ಮೂರು ತಿಂಗಳಿಗೆ ಮತ್ತೆ ಅದೇ ಆಗುತ್ತದೆ. ತಗೊಳ್ಳಿ ತಂಗಿ. ಮಗಳು ಐದನೇ ಕ್ಲಾಸ್ ಇರುವಾಗಲೇ ಹೊರಗೆ ಹೋಗಿ ಬಂದುಬಿಡಿ. ಹತ್ತನೇ ಕ್ಲಾಸಿಗೆ ಬಂದಾಗ ಹೋಗಬೇಕಾದರೆ ಜಾಸ್ತಿ ಕಷ್ಟ. ಗಂಡ ಹೆಂಡತಿ ಒಂದೇ ಕಡೆ ಅಂತ ವರ್ಗದ ಅರ್ಜಿಯನ್ನ ಮೊದಲ ದಿನವೇ ಹಾಕಿಡಿ.

ಮುಧೋಳ ಮನೆಯಾಕೆ:
ಆ ಅರ್ಜಿ ನಮ್ಮವರೂ ಹಾಕಿದ್ದರು ಸರ್. ಶುಕ್ರವಾರಕ್ಕೆ ಮುಂಚೆ ಮನೆಯವರನ್ನ, ಅತ್ತೆಯವರನ್ನ ಕೂಡಿಸಿಕೊಂಡು ರಾತ್ರಿ ಯಾರು ಮನೆಯಲ್ಲಿ ಇರುತ್ತಾರೆ ಅಂತ ಮಾತಾಡಿ ತಂಗಿ. ಆಮೇಲೆ ಸಹಿ ಹಾಕಿ.