ಲ್ಯಾಮಿನೈಟಿಸ್: ಕುದುರೆಯ ಈ ಗೊರಸುಬೇನೆಯನ್ನು ‘ಉರಿಯೂತ’ ಎನ್ನಬಹುದೇ?

ಮಾನ್ಯರೇ,

ಕುದುರೆ ಸಾಕುವವರಿಗಾಗಿ ಸಿದ್ಧಪಡಿಸುತ್ತಿರುವ ಕಿರುಹೊತ್ತಗೆಯೊಂದರಲ್ಲಿ ‘ಲ್ಯಾಮಿನೈಟಿಸ್’ ಎಂಬ ಕಾಯಿಲೆಗೆ ಕನ್ನಡದಲ್ಲಿ ಏನೆನ್ನಬೇಕೆಂಬ ಪ್ರಶ್ನೆ ಎದ್ದಿದೆ. ‘ಐಟಿಸ್’ ಎಂದು ಕೊನೆಗೊಳ್ಳುವ ಹೆಸರುಗಳಿಗೆಲ್ಲ ‘ಉರಿಯೂತ’ ಎಂದು ಬರೆಯುವ ರೂಢಿಯಂತೆ ‘ಗೊರಸಿನ ಉರಿಯೂತ’ ಎಂದುಬಿಡಬಹುದು. ಆದರೆ ಕಾಯಿಲೆಯ ಬಗೆ ತಿಳಿದವರಿಗೆ ಅದು ಅರೆಬರೆ ಹೆಸರೆನಿಸೀತು.

ಗೊರಸಿನೊಳಗಿನ ಮೂಳೆಯನ್ನು ಗೊರಸಿನ ಗೋಡೆಗೆ ಹಿಡಿದಿಡುವುದು ಎರಡು ಪುಸ್ತಕಗಳ ಹಾಳೆಗಳನ್ನು ಒಂದರೊಳಗೊಂದು ಸೇರಿಸಿದಂತೆ ಹೆಣೆದುಕೊಂಡಿರುವ ತೆಳುಪದರಗಳು. ಈ ಹಿಡಿತ ಸಡಿಲಿದರೆ ಮೈಭಾರಕ್ಕೆ ಮೂಳೆ ಓರೆಯಾಗುತ್ತದೆ ಇಲ್ಲವೇ ಕುಸಿಯುತ್ತದೆ. ತೀರಾ ವಿಷಮಿಸಿದಾಗ ಅದರ ತುದಿ ಅಂಗಾಲನ್ನು ತೂರಿ ಹೊರಬರುವುದೂ ಉಂಟು. ಧಾನ್ಯವನ್ನು ಮಿತಿಮೀರಿ ತಿಂದಾಗ, ಅಥವಾ ಈದ ಮೇಲೆ ಮಾಸು ಒಳಗೇ ಉಳಿದು ನಂಜೇರಿದಾಗ ಬರುವ ಬಗೆಗೆ ‘ಉರಿಯೂತ’ ಎಂಬ ಮಾತು ಒಪ್ಪುತ್ತದೆ. ಆದರೆ ಇಂದು ಹೆಚ್ಚಾಗಿ ಕಾಣುವುದು ರಕ್ತದಲ್ಲಿ ಇನ್ಸುಲಿನ್ ಏರಿದ್ದರಿಂದ ಬರುವ ಬಗೆ. ಆಸ್ಟ್ರೇಲಿಯಾದ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಕ್ಕರೆಯ ಮಟ್ಟವನ್ನು ಏರಗೊಡದೆ ಇನ್ಸುಲಿನ್ ಮಾತ್ರ ಹೆಚ್ಚಿಸಿದ ಆರೋಗ್ಯವಂತ ಪೋನಿಗಳಿಗೂ (ಗಿಡ್ಡ ಕುದುರೆಗಳಿಗೂ) 72 ಗಂಟೆಯೊಳಗೆ ಈ ಬೇನೆ ಬಂದಿತು. ಇಲ್ಲಿ ಪದರಗಳು ಮೊದಲು ಜಗ್ಗಿ ಉದ್ದವಾಗುತ್ತವೆ. ಉರಿಯೂತದ ಪಾಲು ಅಷ್ಟಾಗಿ ಇರುವುದಿಲ್ಲ. ಮೂರನೆಯ ಬಗೆಯಲ್ಲಿ ಒಂದು ಕಾಲಿನ ಪೆಟ್ಟಿನಿಂದಾಗಿ ಇನ್ನೊಂದು ಕಾಲು ಬಹುಕಾಲ ಹೆಚ್ಚಿನ ಭಾರ ಹೊರಬೇಕಾಗುತ್ತದೆ. ಅಮೆರಿಕದ ಹೆಸರಾಂತ ಕುದುರೆಪಂದ್ಯ ಕೆಂಟಕಿ ಡರ್ಬಿಯನ್ನು 2006ರಲ್ಲಿ ಗೆದ್ದ ಬಾರ್ಬರೊ ಎಂಬ ಕುದುರೆ ಮುಂದಿನ ಪಂದ್ಯದಲ್ಲಿ ಬಲ ಹಿಂಗಾಲು ಮುರಿದುಕೊಂಡಿತು. ಬಳಿಕ ಈ ಬೇನೆ ಎಡ ಹಿಂಗಾಲಿಗೆ ಬಂದಿತು, 2007ರ ಜನವರಿಯಲ್ಲಿ ಅದಕ್ಕೆ ದಯಾಮರಣ ನೀಡಬೇಕಾಯಿತು.

‘ಗುಣವಾಯಿತು’ ಎಂಬ ಮಾತಿನಲ್ಲೂ ತೊಡಕಿದೆ. ನೋವು ತಗ್ಗಿ ಕುದುರೆ ನಡೆಯತೊಡಗಿದೊಡನೆ ಹಾಗೆ ಬರೆದರೆ ಓದುಗರು ಮೇವಿನ ಪಥ್ಯವನ್ನೂ ಗೊರಸು ಸವರಿಸುವುದನ್ನೂ ಕೈಬಿಟ್ಟಾರು. ಗೊರಸಿನ ಮುಂಭಾಗ ಮೇಲಿನಿಂದ ಕೆಳತುದಿಯವರೆಗೆ ಹೊಸದಾಗಿ ಬೆಳೆಯಲು 9ರಿಂದ 12 ತಿಂಗಳು ಬೇಕು. ಆದ್ದರಿಂದ ನೋವಿಳಿದ ಹಂತಕ್ಕೆ ‘ಉಪಶಮನ’, ಹೊಸ ಗೊರಸು ಗಟ್ಟಿಯಾಗಿ ಕೂರುವವರೆಗಿನ ಅವಧಿಗೆ ‘ಚೇತರಿಕೆ’ ಎಂದು ಬೇರ್ಪಡಿಸುವುದೇ ಸರಿಯೆಂದು ನನಗೆ ತೋರುತ್ತದೆ.

ಕಾಯಿಲೆಗೆ ಸದ್ಯಕ್ಕೆ ‘ಗೊರಸುಪದರ ಬೇನೆ’ ಎಂದಿಟ್ಟುಕೊಂಡಿದ್ದೇನೆ. ಕಾರಣ ಯಾವುದೇ ಇದ್ದರೂ ಅದು ಸುಳ್ಳಾಗದು, ಕಿವಿಗೆ ಸ್ವಲ್ಪ ಒರಟೆಂಬುದು ನಿಜ. ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂದಕ್ಕೆ ಹಾಕಿ, ಹೆಜ್ಜೆ ತೆಗೆಯಲು ಹಿಂಜರಿಯುತ್ತ ನಿಲ್ಲುವ ಕುದುರೆಯನ್ನು ಕಂಡು ಲಾಳ ಕಟ್ಟುವವರು, ಜಟಕಾದವರು ಅಥವಾ ಕುಣಿಗಲ್ಲಿನ ಕುದುರೆ ಫಾರಂ ಆಸುಪಾಸಿನವರು ಇದಕ್ಕೆ ಏನೆನ್ನುತ್ತಾರೆಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.